ಸಿನಗಾಗ್‌ನ ಪಾಸೋವರ್ ಊಟಕ್ಕೆ ಕರೆ ಬಂದಿದೆಯಾ? ಹೋಗುವ ಮುಂಚೆ ಇದನ್ನು ಓದಿ

ಪಾಸೋವರ್ ಯಹೂದಿಗಳ ಹಬ್ಬ, ಸಿನಗಾಗ್ ಅವರ ಪ್ರಾರ್ಥನಾ ಮಂದಿರ, ಸೇಡರ್ ಆ ಹಬ್ಬದ ರಾತ್ರಿಯ ಊಟ. ಪ್ರತಿ ವರ್ಷ ಯುಗಾದಿ ಮುಗಿದು ಒಂದು ವಾರ ಆಗುವಷ್ಟರಲ್ಲಿ ಇದೇ ಪ್ರಶ್ನೆಗಳು ಬರಲು ಶುರುವಾಗುತ್ತವೆ. “ಆಫೀಸಿನಲ್ಲಿ ಜೊತೆಗಿರೋರು ಅವರ ಸಿನಗಾಗ್‌ನ ಸೇಡರ್‌ಗೆ ಕರೆದಿದ್ದಾರೆ. ಏನು ತಗೊಂಡು ಹೋಗೋದು?” “ನಾವು ಮೊಟ್ಟೆನೂ ತಿನ್ನಲ್ಲ, ಅಲ್ಲಿ ಊಟ ಸಿಗುತ್ತಾ?” “ಮಗು ಎಂಟು ಗಂಟೆಗೆ ಮಲಗುತ್ತೆ, ಕರ್ಕೊಂಡು ಹೋಗಬಹುದಾ?” ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಹಾಗಾಗಿ ಇಲ್ಲಿರುವುದು ಹೆಚ್ಚಾಗಿ ಅಮೆರಿಕದ ಸಿನಗಾಗ್‌ಗಳ ರೂಢಿ. ಲಂಡನ್, ಟೊರಾಂಟೊ ಕಡೆಯವರಿಗೂ ಬಹುಪಾಲು ಒಪ್ಪುತ್ತದೆ.

ಆತುರದಲ್ಲಿರುವವರಿಗೆ ಮೂರೇ ಮಾತು. ಮನೆಯಿಂದ ಅಡುಗೆ ಮಾಡಿಕೊಂಡು ಹೋಗಬೇಡಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಅಲ್ಲಿ ಸುಮ್ನೆ ಕೂತಿರಬೇಡಿ, ಪ್ರಶ್ನೆ ಕೇಳಿ. ಈ ಮೂರರಲ್ಲಿ ಮೊದಲನೆಯದೇ ನಮ್ಮವರಿಗೆ ಜಾಸ್ತಿ ಕಷ್ಟ.

ಇದು ಯಾವ ಹಬ್ಬ, ಯಾವಾಗ

ಹೀಬ್ರೂವಿನಲ್ಲಿ ಪೆಸಾಖ್, ಇಂಗ್ಲಿಷಿನಲ್ಲಿ ಪಾಸೋವರ್. ಕನ್ನಡ ಬೈಬಲ್ ಓದಿದವರಿಗೆ ಇದು ಪಸ್ಕ ಹಬ್ಬ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರೇಲರು ಮೋಶೆಯ ಜೊತೆ ಹೊರಟು ಬಿಡುಗಡೆಯಾದ ಕಥೆಯ ನೆನಪಿಗೆ ಮಾಡುವ ಹಬ್ಬ. ಹೊರಡುವ ಅವಸರದಲ್ಲಿ ಕಲಸಿದ ಹಿಟ್ಟು ಉಬ್ಬುವಷ್ಟು ಪುರುಸೊತ್ತೂ ಇರಲಿಲ್ಲ, ಹಾಗೇ ಸುಟ್ಟುಕೊಂಡು ತಿಂದರು ಅಂತ ಕಥೆ. ಅದಕ್ಕೇ ಹಬ್ಬದ ಅಷ್ಟೂ ದಿನ ಬ್ರೆಡ್ ಇಲ್ಲ. ಇಸ್ರೇಲಿನಲ್ಲಿ 7 ದಿನ, ಬೇರೆ ದೇಶಗಳಲ್ಲಿ ಸಾಮಾನ್ಯವಾಗಿ 8 ದಿನ.

ಯಹೂದಿಗಳದೂ ಚಾಂದ್ರಮಾನದ ಲೆಕ್ಕವೇ. ನಮ್ಮ ಹಾಗೆ ಅವರಿಗೂ ಅಧಿಕಮಾಸ ಇದೆ, 19 ವರ್ಷಕ್ಕೆ 7 ಸಲ ಬರುತ್ತದೆ. ಹಬ್ಬ ನಿಸಾನ್ ತಿಂಗಳ 15ರಂದು, ಅಂದರೆ ಹುಣ್ಣಿಮೆಗೆ. ಹೆಚ್ಚಿನ ವರ್ಷ ನಮ್ಮ ಚೈತ್ರ ಹುಣ್ಣಿಮೆಯ ಆಸುಪಾಸಿಗೇ ಬೀಳುತ್ತದೆ. ಅವರ ಅಧಿಕಮಾಸವೂ ನಮ್ಮದೂ ಹೊಂದದ ವರ್ಷಗಳಲ್ಲಿ ಒಂದು ತಿಂಗಳು ಹಿಂದುಮುಂದಾಗುತ್ತದೆ. 2026ರಲ್ಲಿ ಏಪ್ರಿಲ್ 1ರ ಸಂಜೆ ಶುರು, 2027ರಲ್ಲಿ ಏಪ್ರಿಲ್ 21ರ ಸಂಜೆ. “ಸಂಜೆ” ಅನ್ನುವುದನ್ನು ಗಮನಿಸಿ. ಅವರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಕ್ಯಾಲೆಂಡರಿನಲ್ಲಿ ಪಾಸೋವರ್ ಅಂತ ಅಚ್ಚಾದ ತಾರೀಕಿನ ಹಿಂದಿನ ರಾತ್ರಿಯೇ ಊಟ ಆಗಿಹೋಗಿರಬಹುದು. ಹೀಗೆ ಒಂದು ದಿನ ತಪ್ಪಿಸಿಕೊಂಡವರು ನಮ್ಮಲ್ಲೇ ಇದ್ದಾರೆ.

ಆ ರಾತ್ರಿಯ ಊಟದ ಹೆಸರು ಸೇಡರ್. ಸೇಡರ್ ಅಂದರೆ “ಕ್ರಮ”. ಒಟ್ಟು 15 ಹಂತ. ಊಟ ಬರುವುದು 11ನೆಯದಾಗಿ. ಸತ್ಯನಾರಾಯಣ ಪೂಜೆಗೆ ಹೋದರೆ ಕಥೆ ಮುಗಿಯುವವರೆಗೂ ಸಪಾದಭಕ್ಷ್ಯ ಕೈಗೆ ಸಿಗಲ್ಲ ಅಲ್ವಾ? ಅದೇ ಲೆಕ್ಕ. ಡಿನ್ನರ್ ಪಾರ್ಟಿ ಅಂದುಕೊಂಡು ಹೋದವರೇ ಬೇಜಾರು ಮಾಡಿಕೊಂಡು ಬರುವುದು.

1. ಯಾವ ಪಂಗಡದ ಸಿನಗಾಗ್, ಯಾವ ರಾತ್ರಿ?

ಸಿನಗಾಗ್ ಅಂದರೆ ಯಹೂದಿಗಳು ಪ್ರಾರ್ಥನೆಗೆ ಸೇರುವ ಜಾಗ. ಕನ್ನಡ ಬೈಬಲಿನ “ಸಭಾಮಂದಿರ”. ಮಾತಿನಲ್ಲಿ “ಶೂಲ್” ಅಂತಲೂ ಅನ್ನುತ್ತಾರೆ. ಅಮೆರಿಕದಲ್ಲಿ ಮುಖ್ಯವಾಗಿ ಮೂರು ಬಗೆ: ರಿಫಾರ್ಮ್, ಕನ್ಸರ್ವೇಟಿವ್, ಆರ್ಥೊಡಾಕ್ಸ್. ರಿಫಾರ್ಮ್‌ನವರು ನಿಯಮಗಳಲ್ಲಿ ಸಡಿಲ, ಆರ್ಥೊಡಾಕ್ಸ್‌ನವರು ಬಿಗಿ, ಕನ್ಸರ್ವೇಟಿವ್ ನಡುವೆ. ಕರೆದವರನ್ನು ನೇರವಾಗಿ ಕೇಳಿಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಮುಂದಿನ ಎಲ್ಲ ಹಂತಗಳೂ ಈ ಒಂದು ಉತ್ತರದ ಮೇಲೆ ನಿಂತಿವೆ.

ಮೊದಲ ರಾತ್ರಿ ಎಷ್ಟೋ ಜನ ಮನೆಯಲ್ಲೇ ಸೇಡರ್ ಮಾಡುತ್ತಾರೆ. ಹಾಗಾಗಿ ಬಹಳ ಸಿನಗಾಗ್‌ಗಳು ಎಲ್ಲರೂ ಸೇರುವ ಸೇಡರನ್ನು ಎರಡನೇ ರಾತ್ರಿಗೆ ಇಟ್ಟುಕೊಳ್ಳುತ್ತವೆ. ರಿಫಾರ್ಮ್ ಕಡೆ ಸಂಜೆ ಐದೂವರೆ, ಆರಕ್ಕೇ ಶುರುವಾಗಿ ಒಂಬತ್ತಕ್ಕೆಲ್ಲ ಮುಗಿಯಬಹುದು. ಆರ್ಥೊಡಾಕ್ಸ್ ಕಡೆ ಕತ್ತಲಾದ ಮೇಲೆಯೇ ಶುರು, ನಡುರಾತ್ರಿ ದಾಟಿದರೂ ಆಶ್ಚರ್ಯ ಇಲ್ಲ. ಚಿಕ್ಕ ಮಕ್ಕಳಿದ್ದು ಮೊದಲ ಸಲ ಹೋಗುವುದಾದರೆ ರಿಫಾರ್ಮ್ ಅಥವಾ ಕನ್ಸರ್ವೇಟಿವ್ ಸಿನಗಾಗ್‌ನ ಸೇಡರ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆರ್ಥೊಡಾಕ್ಸ್ ಕಡೆ ಅವರಾಗಿ ಕರೆದಿದ್ದರೆ ಮಾತ್ರ ಹೋಗಿ, ನೀವಾಗಿ ಕೇಳಿಕೊಂಡು ಹೋಗಬೇಡಿ.

ಭಾರತದಲ್ಲಿ ಇರುವವರಿಗೆ: ಬೆಂಗಳೂರಿನಲ್ಲಿ ಮೈಸೂರು ರಸ್ತೆಯಲ್ಲಿ ಯಹೂದಿಗಳ ಹಳೆಯ ಸ್ಮಶಾನ ಇದೆ, ಆದರೆ ಹಳೆಯ ಸಿನಗಾಗ್ ಇಲ್ಲ. ಮುಂಬೈಯ ಕೋಟೆ ಪ್ರದೇಶದಲ್ಲಿ 1884ರ ಕೆನೆಸೆತ್ ಎಲಿಯಾಹೂ ಇದೆ, ಪುಣೆಯಲ್ಲಿ ಜನ “ಲಾಲ್ ದೇವಳ” ಅನ್ನುವ ಓಹೆಲ್ ಡೇವಿಡ್ ಇದೆ. ಕೊಚ್ಚಿಯ ಪರದೇಶಿ ಸಿನಗಾಗ್ 1568ರದು, ಆದರೆ ಅಲ್ಲಿ ಸಮುದಾಯದವರು ಈಗ ಬೆರಳೆಣಿಕೆಯಷ್ಟೇ. ಮುಂಬೈ, ಪುಣೆಯ ಬೆನೆ ಇಸ್ರೇಲ್ ಯಹೂದಿಗಳ ಮನೆಮಾತು ಮರಾಠಿ. 1874ರಲ್ಲೇ ಪುಣೆಯಲ್ಲಿ ಮರಾಠಿ ಅನುವಾದದ ಜೊತೆ ಈ ಹಬ್ಬದ ಪುಸ್ತಕ ಅಚ್ಚಾಗಿತ್ತು. ಅವರು ಹಬ್ಬದಲ್ಲಿ ಅನ್ನ ತಿನ್ನುತ್ತಾರೆ. ಆದ್ದರಿಂದ ಮುಂದೆ ಅಕ್ಕಿ ಬಗ್ಗೆ ನಾನು ಹೆದರಿಸುವುದೆಲ್ಲ ಅಲ್ಲಿ ಅಷ್ಟಾಗಿ ಅನ್ವಯಿಸುವುದಿಲ್ಲ.

2. ಹೆಸರು ಕೊಡಿ, ದುಡ್ಡು ಕಟ್ಟಿ, ಊಟದ ವಿಷಯ ಬಿಡಿಸಿ ಹೇಳಿ

ಸಿನಗಾಗ್ ಸೇಡರ್‌ಗೆ ಸಾಮಾನ್ಯವಾಗಿ ತಲೆಗಿಷ್ಟು ಅಂತ ಶುಲ್ಕ ಇರುತ್ತದೆ, ಮಕ್ಕಳಿಗೆ ಕಡಿಮೆ. ಕೆಲವು ವಾರ ಮುಂಚೆಯೇ ಕಟ್ಟಬೇಕು. “ಅಲ್ಲೇ ಕೊಟ್ಟರಾಯ್ತು” ಅಂದುಕೊಳ್ಳಬೇಡಿ. ಹಬ್ಬ ಶುರುವಾದ ಮೇಲೆ ನಿಯಮ ಪಾಲಿಸುವವರು ದುಡ್ಡು ಮುಟ್ಟುವುದಿಲ್ಲ, ಪೆನ್ನನ್ನೂ ಮುಟ್ಟುವುದಿಲ್ಲ. ಬಾಗಿಲಲ್ಲಿ ನಿಮ್ಮ ಹೆಸರು ಬರೆದುಕೊಳ್ಳಲೂ ಆಗುವುದಿಲ್ಲ. ಬರುವ ಎಲ್ಲರ ಹೆಸರನ್ನೂ ಗುರುತಿನ ಚೀಟಿಯಲ್ಲಿ ಇರುವ ಹಾಗೇ ಕೊಡಿ. ಊರಿಂದ ಬಂದಿರುವ ಅತ್ತೆ ಮಾವನವರ ಹೆಸರೂ ಸೇರಿಸಿ. ಭದ್ರತೆಯವರು ಪಟ್ಟಿ ನೋಡಿಯೇ ಒಳಗೆ ಬಿಡುತ್ತಾರೆ.

ಈಗ ಸಸ್ಯಾಹಾರಿಗಳ ಪಾಡು. ಸುಮ್ನೆ “ವೆಜಿಟೇರಿಯನ್” ಅಂತ ಬರೆದರೆ ಸಾಲದು. ಮೀನು, ಮೊಟ್ಟೆ ನಡೆಯುತ್ತೆ ಅಂತಲೇ ಎಷ್ಟೋ ಅಡುಗೆಯವರು ತಿಳಿಯುತ್ತಾರೆ. ಈ ಹಬ್ಬದ ಅಡುಗೆಯಲ್ಲಂತೂ ಗೋಧಿ ಹಿಟ್ಟು, ಯೀಸ್ಟ್ ಇಲ್ಲದ್ದಕ್ಕೆ ಎಲ್ಲದಕ್ಕೂ ಮೊಟ್ಟೆಯೇ ಆಧಾರ. ಸೂಪಿನಲ್ಲಿ ತೇಲುವ ಉಂಡೆಯಲ್ಲಿ ಮೊಟ್ಟೆ, ಆಲೂಗಡ್ಡೆಯ ಕೂಗೆಲ್‌ನಲ್ಲಿ (ಓವನ್‌ನಲ್ಲಿ ಬೇಯಿಸಿದ ಗಟ್ಟಿ ಪುಡಿಂಗ್) ಮೊಟ್ಟೆ, ಕೇಕಿನಲ್ಲಂತೂ ಡಜನ್ನುಗಟ್ಟಲೆ ಮೊಟ್ಟೆ. ಹೀಗೆ ಬರೆಯಿರಿ: ಮಾಂಸ, ಕೋಳಿ, ಮೀನು, ಮೊಟ್ಟೆ ಯಾವುದೂ ಬೇಡ, ಕೋಳಿ ಬೇಯಿಸಿದ ನೀರಿನ ಸೂಪ್ ಕೂಡ ಬೇಡ. ಬೇಯಿಸಿದ ತರಕಾರಿ, ಆಲೂಗಡ್ಡೆ, ಸಲಾಡ್, ಹಣ್ಣು ಖಂಡಿತ ಸಿಗುತ್ತದೆ. ಹೊಟ್ಟೆ ತುಂಬುತ್ತದೆ ಅಂತ ಮಾತು ಕೊಡಲಾರೆ. ಆಕ್ರೋಟು, ಬಾದಾಮಿ ಅಲರ್ಜಿ ಇದ್ದರೆ ಅದನ್ನೂ ಈಗಲೇ ಹೇಳಿ.

ಅಂದಹಾಗೆ, ಸೇಡರ್‌ನಲ್ಲಿ ಪ್ರತಿಯೊಬ್ಬರೂ ನಾಲ್ಕು ಲೋಟ ವೈನ್ ಕುಡಿಯುವ ಪದ್ಧತಿ. ಕುಡಿಯದವರು ಗಾಬರಿಯಾಗಬೇಡಿ. ದ್ರಾಕ್ಷಿ ರಸ ನಡೆಯುತ್ತದೆ, ಮಕ್ಕಳಿಗೆಲ್ಲ ಅದೇ.

3. ನಿಮ್ಮ ಅಡುಗೆಮನೆಯಿಂದ ಏನೂ ಬೇಡ

ಬರಿಗೈಯಲ್ಲಿ ಹೋಗಬಾರದು ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಮೊದಲ ವರ್ಷ ನಾನೂ ಒಂದು ದೊಡ್ಡ ಡಬ್ಬಿ ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಬಾಗಿಲಲ್ಲಿದ್ದ ಅಜ್ಜಿಯೊಬ್ಬರು ನಗುತ್ತಲೇ ಡಬ್ಬಿಯನ್ನು ವಾಪಸ್ ಕಾರಿಗೆ ಕಳಿಸಿದರು. ಯಾಕೆ ಅಂತ ಆ ಚಿತ್ರಾನ್ನವನ್ನೇ ಬಿಡಿಸಿ ಹೇಳುತ್ತೇನೆ.

ಹಬ್ಬದಲ್ಲಿ ಪೂರ್ತಿ ನಿಷೇಧ ಇರುವುದಕ್ಕೆ ಖಮೇತ್ಸ್ ಅನ್ನುತ್ತಾರೆ. ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್ ಈ ಐದು ಧಾನ್ಯದ ಹಿಟ್ಟು ನೀರು ಮುಟ್ಟಿ 18 ನಿಮಿಷದೊಳಗೆ ಬೇಯದಿದ್ದರೆ ಅದು ಖಮೇತ್ಸ್. ಬ್ರೆಡ್, ಚಪಾತಿ, ಉಪ್ಪಿಟ್ಟು, ಕೇಸರಿಬಾತು, ಬಿಸ್ಕತ್ತು ಎಲ್ಲ ಇದರಲ್ಲಿ ಬಂತು. ಇದು ತಿನ್ನಬಾರದು ಅಷ್ಟೇ ಅಲ್ಲ, ಹತ್ತಿರ ಇಟ್ಟುಕೊಳ್ಳಲೂಬಾರದು. ಹಬ್ಬಕ್ಕೆ ಮುಂಚೆ ಮನೆಯ ಮೂಲೆಮೂಲೆ ಗುಡಿಸಿ ಚೂರೂ ಬಿಡದ ಹಾಗೆ ತೆಗೆಯುತ್ತಾರೆ.

ಎರಡನೆಯದು ಕಿಟ್ನಿಯೋತ್. ಅಕ್ಕಿ, ಬೇಳೆ, ಕಾಳು, ಜೋಳ, ಸಾಸಿವೆ ಇತ್ಯಾದಿ. ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳು ಶತಮಾನಗಳಿಂದ ಇವನ್ನೂ ಹಬ್ಬದಲ್ಲಿ ಬಿಡುತ್ತ ಬಂದಿದ್ದಾರೆ. ಸ್ಪೇನ್ ಮೂಲದ ಸೆಫಾರ್ಡಿಗಳು, ಮಧ್ಯಪ್ರಾಚ್ಯದವರು ಬಹಳಷ್ಟು ಜನ ತಿನ್ನುತ್ತಾರೆ. ಅಮೆರಿಕದ ಕನ್ಸರ್ವೇಟಿವ್ ಪಂಗಡದ ಸಮಿತಿ 2015ರ ಕೊನೆಯಲ್ಲಿ ತಿನ್ನಬಹುದು ಅಂದಿತು. ಆದರೂ ಮನೆಯ ರೂಢಿ ಬಿಡದವರು ಸುಮಾರು ಜನ ಇದ್ದಾರೆ.

ಈಗ ನನ್ನ ಚಿತ್ರಾನ್ನ. ಅಕ್ಕಿ: ಕಿಟ್ನಿಯೋತ್. ಕಡಲೆಬೇಳೆ, ಉದ್ದಿನಬೇಳೆ: ಅದೇ. ಒಗ್ಗರಣೆಯ ಸಾಸಿವೆ: ಅದೇ. ಕಡಲೆಕಾಯಿ ಬೀಜ: ಅವರಲ್ಲೇ ವಾದ ಇದೆ. ಇಷ್ಟೆಲ್ಲ ಹೇಗೋ ದಾಟಿದರೂ ಇಂಗು ಇದೆಯಲ್ಲ! ಅಂಗಡಿಯಲ್ಲಿ ಸಿಗುವ ಇಂಗಿನ ಡಬ್ಬಿ ತಿರುಗಿಸಿ ಓದಿ. ಸಾಮಾನ್ಯವಾಗಿ ಅದರಲ್ಲಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಅಂದರೆ ಒಂದು ಚಿಟಿಕೆ ಇಂಗಿಗೆ ಇಡೀ ಡಬ್ಬಿ ಖಮೇತ್ಸ್. ಅಜ್ಜಿಗೆ ಇಂಗು ಅಂದರೇನು ಅಂತಲೂ ಗೊತ್ತಿರಲಿಲ್ಲ, ಆದರೂ ಅವರು ಮಾಡಿದ್ದೇ ಸರಿ.

“ಹಾಗಾದರೆ ಆಲೂಗಡ್ಡೆ ಪಲ್ಯ ಮಾಡ್ತೀನಿ, ಇಂಗು, ಸಾಸಿವೆ ಹಾಕಲ್ಲ” ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅದೂ ಬೇಡ. ವರ್ಷವಿಡೀ ಚಪಾತಿ ಕಂಡ ಬಾಣಲೆ, ಸೌಟು, ಚಾಕು ಅವರ ಲೆಕ್ಕದಲ್ಲಿ ನಡೆಯುವುದಿಲ್ಲ. ಮಡಿ ಅಂದರೇನು ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಡಿ ಅಡುಗೆಮನೆಗೆ ಹೊರಗಿನ ಪಾತ್ರೆ ತರುವುದು ಹೇಗೋ ಹಾಗೆ.

ಬರಿಗೈಯಲ್ಲಿ ಹೋಗಲು ಮನಸ್ಸೇ ಬಾರದಿದ್ದರೆ ದಾರಿ ಇದೆ. ಹೆಚ್ಚದ, ಇಡಿಯಾದ ಹಣ್ಣು ಎಲ್ಲ ಕಡೆ ನಡೆಯುತ್ತದೆ. ಹೂವನ್ನು ಹಿಂದಿನ ದಿನವೇ ತಲುಪಿಸಿ. ಅಂಗಡಿಯ ಚಾಕೊಲೇಟ್ ಆದರೆ “ಕೋಷರ್ ಫಾರ್ ಪಾಸೋವರ್” ಅಂತ ಬರೆದಿರಲೇಬೇಕು, ಬರೀ “ಕೋಷರ್” (ಯಹೂದಿಗಳ ಆಹಾರದ ನಿಯಮಕ್ಕೆ ಒಪ್ಪುವಂಥದ್ದು) ಸಾಲದು. ವೃತ್ತದೊಳಗೆ ಯು ಅಕ್ಷರ ಇರುವ ಗುರುತಿನ ಪಕ್ಕ ಪಿ ಅಕ್ಷರ ಇದ್ದರೆ ಅದು ಪಾಸೋವರ್‌ಗೆ ಆಗುವಂಥದ್ದು. ಅಮೆರಿಕದಲ್ಲಿ ಈ ಸಮಯಕ್ಕೆ ಹಳದಿ ಮುಚ್ಚಳದ ಕೋಕಾ ಕೋಲಾ ಬಾಟಲಿ ಕಾಣುತ್ತವೆ, ನೋಡಿದ್ದೀರಾ? ಜೋಳದ ಸಿರಪ್ ಬದಲು ಸಕ್ಕರೆ ಹಾಕಿ ಈ ಹಬ್ಬಕ್ಕೇ ಮಾಡಿದ್ದು. ಎಲ್ಲಕ್ಕಿಂತ ಒಳ್ಳೆಯದು ಹಬ್ಬಕ್ಕೆ ಮುಂಚೆ ಸಿನಗಾಗ್‌ನ “ಮಾಓತ್ ಖಿಟ್ಟಿಮ್” ನಿಧಿಗೆ ಸ್ವಲ್ಪ ದುಡ್ಡು ಕೊಡುವುದು. ಬಡವರಿಗೆ ಹಬ್ಬದ ಸಾಮಾನು ಕೊಡಿಸುವ ಹಳೆಯ ಪದ್ಧತಿ ಅದು. ಹೆಸರಿನ ಅರ್ಥವೇ “ಗೋಧಿಯ ದುಡ್ಡು”.

4. ಬಟ್ಟೆ, ಬ್ಯಾಗು, ಮಕ್ಕಳು

ಹಬ್ಬದ ಬಟ್ಟೆ ಹಾಕಿ. ಸೀರೆ, ಚೂಡಿದಾರ್ ಧಾರಾಳವಾಗಿ ನಡೆಯುತ್ತದೆ. ಆರ್ಥೊಡಾಕ್ಸ್ ಕಡೆ ತೋಳು, ಬೆನ್ನು ಮುಚ್ಚಿರಲಿ. ಗಂಡಸರಿಗೆ ಕಿಪ್ಪಾ ಅನ್ನುವ ಪುಟ್ಟ ಟೋಪಿ ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಇಟ್ಟಿರುತ್ತಾರೆ. ತಗೊಂಡು ಹಾಕಿಕೊಳ್ಳಿ.

ಮನೆಯಿಂದ ಹೊರಡುವ ಮುಂಚೆ ಮಗುವಿನ ಬ್ಯಾಗನ್ನು ಮಗುಚಿ ಕೊಡವಿ. ಅದರ ತಳದಲ್ಲಿ ಬಿಸ್ಕತ್ತಿನ ಪುಡಿ, ಅರ್ಧ ತಿಂದ ರಸ್ಕು ಇದ್ದೇ ಇರುತ್ತದೆ. ಮಗುವಿಗೆ ಬೇರೆ ಊಟ ತರಲೇಬೇಕಾದರೆ ಮುಂಚೆ ಫೋನ್ ಮಾಡಿ ಕೇಳಿ. ಮಕ್ಕಳಿಗೆ ಮಧ್ಯಾಹ್ನ ಒಂದು ನಿದ್ದೆ ಮಾಡಿಸಿ, ಸಂಜೆ ಮೊಸರನ್ನ ತಿನ್ನಿಸಿ ಹೊರಡಿ. ನೀವೂ ಒಂದು ತುತ್ತು ತಿನ್ನಿ. ಕೂತ ಮೇಲೆ ಊಟ ಬರಲು ಒಂದೂವರೆ ಗಂಟೆ ಹಿಡಿಯಬಹುದು.

5. ಬಾಗಿಲಲ್ಲಿ

ಹೊರಗೆ ಸೆಕ್ಯುರಿಟಿ ಇರುತ್ತದೆ, ಕೆಲವು ಕಡೆ ಪೊಲೀಸ್ ಕಾರೂ ನಿಂತಿರುತ್ತದೆ. ಸಿನಗಾಗ್‌ಗಳ ಮೇಲೆ ದಾಳಿಗಳಾಗಿವೆ, 2018ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 11 ಜನ ಸತ್ತರು. ಹಾಗಾಗಿ ಬ್ಯಾಗ್ ತೆಗೆದು ನೋಡಿದರೆ ಮುಖ ಸಿಂಡರಿಸಬೇಡಿ. ಗುರುತಿನ ಚೀಟಿ ಕೈಯಲ್ಲೇ ಇರಲಿ. ಕಟ್ಟಡದ ಮುಂದೆ ನಿಂತು ಫೋಟೊ ಹೊಡೆಯುತ್ತಾ ಇರಬೇಡಿ.

ಒಳಗೆ ಹೋದ ಮೇಲೆ “ಖಗ್ ಸಮೇಯಖ್” ಅನ್ನಿ. ಹಬ್ಬದ ಶುಭಾಶಯ ಅಂತ ಅರ್ಥ. ನಾಲಿಗೆ ಹೊರಳದಿದ್ದರೆ “ಹ್ಯಾಪಿ ಪಾಸೋವರ್” ಸಾಕು. ಆರ್ಥೊಡಾಕ್ಸ್ ಕಡೆ ಗಂಡಸರು ಹೆಂಗಸರ ಕೈ ಕುಲುಕುವುದಿಲ್ಲ, ಹೆಂಗಸರು ಗಂಡಸರದು. ನಮ್ಮ ನಮಸ್ಕಾರ ಇಂಥ ಕಡೆ ಬಹಳ ಅನುಕೂಲ.

ನಿಯಮ ಪಾಲಿಸುವ ಸಿನಗಾಗ್ ಆದರೆ ಇನ್ನೂ ಕೆಲವು. ಫೋನ್ ಆಫ್ ಮಾಡಿ ಒಳಗಿಡಿ, ವೈಬ್ರೇಟ್ ಸಾಲದು. ಹಬ್ಬದ ದಿನ ಅವರು ಕಾರು ಓಡಿಸುವುದಿಲ್ಲ, ನೀವು ಒಂದು ಬೀದಿ ಆಚೆ ನಿಲ್ಲಿಸಿ ನಡೆದು ಬನ್ನಿ. ಬಾತ್‌ರೂಮಿನಿಂದ ಬರುವಾಗ ಅಭ್ಯಾಸಬಲದಿಂದ ಲೈಟ್ ಆರಿಸಿಬಿಡಬೇಡಿ! ಅವರು ಆ ದಿನ ಸ್ವಿಚ್ ಮುಟ್ಟುವಂತಿಲ್ಲ. ಮಿಕ್ಕವರೆಲ್ಲ ರಾತ್ರಿಯಿಡೀ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

6. ಮೇಜಿನ ಮೇಲೆ ಏನೇನಿದೆ

ಕೂತ ಕೂಡಲೇ ಏನನ್ನೂ ಬಾಯಿಗೆ ಹಾಕಿಕೊಳ್ಳಬೇಡಿ. ಮೇಜಿನ ಮೇಲಿರುವ ಪ್ರತಿಯೊಂದಕ್ಕೂ ಅದರದೇ ಸರದಿ ಇದೆ.

ನಡುವೆ ಸೇಡರ್ ತಟ್ಟೆ. ಅದರಲ್ಲಿ ಒಂದು ಸುಟ್ಟ ಮೂಳೆ, ಹಿಂದೆ ಜೆರುಸಲೇಮಿನ ದೇವಾಲಯದಲ್ಲಿ ಕೊಡುತ್ತಿದ್ದ ಕುರಿಮರಿಯ ಬಲಿಯ ಗುರುತು. ಅದನ್ನು ತಿನ್ನುವುದಿಲ್ಲ. ಸಸ್ಯಾಹಾರಿಗಳ ಮೇಜಿನಲ್ಲಿ ಅದರ ಜಾಗಕ್ಕೆ ಬೀಟ್‌ರೂಟ್ ಇಡುತ್ತಾರೆ. ಒಂದು ಸುಟ್ಟ ಮೊಟ್ಟೆ. ಕರ್ಪಾಸ್ ಅಂದರೆ ಹಸಿರು ಸೊಪ್ಪು, ಸಾಮಾನ್ಯವಾಗಿ ಪಾರ್ಸ್ಲಿ. ಮರೋರ್ ಅಂದರೆ ಕಹಿ, ಗುಲಾಮಗಿರಿಯ ಕಹಿ. ಖರೋಸೆತ್ ಅಂದರೆ ಸೇಬು, ಆಕ್ರೋಟು, ಚಕ್ಕೆ ಪುಡಿ, ವೈನ್ ಸೇರಿಸಿದ ಸಿಹಿ ಗೊಜ್ಜು. ಭಾರತದ ಯಹೂದಿಗಳು ಇದನ್ನು ಖರ್ಜೂರದಿಂದ ಮಾಡುತ್ತಾರೆ. ಪಕ್ಕದಲ್ಲಿ ಕಣ್ಣೀರಿನ ಗುರುತಾಗಿ ಉಪ್ಪು ನೀರು.

ಇಲ್ಲೊಂದು ಎಚ್ಚರಿಕೆ. ಕಹಿಯನ್ನು ಸಿಹಿಯಲ್ಲಿ ಅದ್ದಿ ತಿನ್ನುವುದು ಕಂಡ ಕೂಡಲೇ ನಮಗೆ ಬೇವು ಬೆಲ್ಲ ನೆನಪಾಗುತ್ತದೆ. ನಾನೂ ಹೇಳಿಬಿಟ್ಟಿದ್ದೆ. ಆದರೆ ಖರೋಸೆತ್ ಸುಖದ ಗುರುತಲ್ಲ. ಗುಲಾಮರು ಇಟ್ಟಿಗೆ ಕಟ್ಟಲು ಕಲಸುತ್ತಿದ್ದ ಗಾರೆಯ ಗುರುತು. ರುಚಿ ಒಂದೇ ಥರ, ಅರ್ಥ ಬೇರೆ. ಮೊದಲು ಅವರದನ್ನು ಕೇಳಿಸಿಕೊಳ್ಳಿ, ಆಮೇಲೆ ನಮ್ಮದನ್ನು ಹೇಳಿ.

ಬಟ್ಟೆ ಮುಚ್ಚಿಟ್ಟ ಮೂರು ಮಾತ್ಸಾ ಇರುತ್ತವೆ. ಮಾತ್ಸಾ ಅಂದರೆ ಆ ಹುಳಿಯಿಲ್ಲದ ರೊಟ್ಟಿ, ಬರೀ ಹಿಟ್ಟು ಮತ್ತು ನೀರು. ಡಬ್ಬಿಯಲ್ಲಿ ಬರುವುದು ಚೌಕ, ತೂತು ತೂತು. ಕೈಯಲ್ಲಿ ಲಟ್ಟಿಸಿದ್ದು ದುಂಡಗೆ, ಅಲ್ಲಲ್ಲಿ ಕಪ್ಪಾಗಿ, ಥೇಟ್ ಉತ್ತರ ಕರ್ನಾಟಕದ ಖಡಕ್ ರೊಟ್ಟಿ. ಮುರಿದರೆ ಟಪ್ಪಂತ ಸದ್ದಾಗುತ್ತದೆ, ಮಡಿಲ ತುಂಬ ಪುಡಿ ಬೀಳುತ್ತದೆ.

ಮತ್ತೆ ಪ್ರತಿಯೊಬ್ಬರಿಗೂ ಒಂದು ಹಗಾದಾ. ಹಗಾದಾ ಅಂದರೆ “ಹೇಳುವುದು”, ಆ ರಾತ್ರಿಯ ಕಥೆ, ಹಾಡು, ಕ್ರಮ ಎಲ್ಲ ಇರುವ ಪುಸ್ತಕ. ಹೀಬ್ರೂ ಬಲದಿಂದ ಎಡಕ್ಕೆ ಓದುವ ಲಿಪಿ, ಹಾಗಾಗಿ ಬಹಳ ಹಗಾದಾಗಳು ನಮಗೆ ಹಿಂದಿನ ರಟ್ಟು ಅನ್ನಿಸುವ ಕಡೆಯಿಂದ ತೆರೆಯುತ್ತವೆ. ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಕಂಪನಿಯ ಹಗಾದಾ ಕಂಡರೆ ತಮಾಷೆ ಅಂದುಕೊಳ್ಳಬೇಡಿ. ಕಾಫಿ ಬೀಜವೂ ಕಾಳಿನ ಜಾತಿಯೇನೋ ಅಂತ ಜನ ಹಬ್ಬದಲ್ಲಿ ಕಾಫಿ ಬಿಡುತ್ತಿದ್ದರು. ಅದು ಕಾಳಲ್ಲ, ಹಣ್ಣಿನ ಬೀಜ ಅಂತ ರಬ್ಬಿಯಿಂದ (ಯಹೂದಿಗಳ ಗುರು) ಹೇಳಿಸಿ, 1932ರಿಂದ ಕಾಫಿ ಕೊಂಡವರಿಗೆ ಹಗಾದಾ ಪುಕ್ಕಟೆ ಹಂಚಲು ಶುರು ಮಾಡಿದರು. ಚಿಕ್ಕಮಗಳೂರು, ಕೊಡಗಿನವರು ಇದನ್ನು ಕೇಳಿ ಖುಷಿಪಡುತ್ತಾರೆ.

7. ಕಥೆ ನಡೆಯುವಾಗ

ರಬ್ಬಿ, ಅಂದರೆ ಸಿನಗಾಗ್‌ನ ಗುರು, ಮುಂದೆ ನಿಂತು ನಡೆಸುತ್ತಾರೆ. ಮೊದಲ ಲೋಟ, ಕೈ ತೊಳೆಯುವುದು, ಸೊಪ್ಪನ್ನು ಉಪ್ಪು ನೀರಲ್ಲಿ ಅದ್ದಿ ತಿನ್ನುವುದು ಬೇಗ ಬೇಗ ಆಗುತ್ತವೆ. ಆಮೇಲೆ ನಡುವಿನ ಮಾತ್ಸಾವನ್ನು ಎರಡು ಮಾಡಿ ದೊಡ್ಡ ತುಂಡನ್ನು ಬಚ್ಚಿಡುತ್ತಾರೆ. ಅದು ಅಫಿಕೋಮನ್. ಅದರ ಕಥೆ ಕೊನೆಯಲ್ಲಿ.

ಆಮೇಲೆ ಶುರುವಾಗುವ ಮಗ್ಗಿದ್, ಅಂದರೆ ಕಥೆ ಹೇಳುವ ಭಾಗ, ಎಲ್ಲಕ್ಕಿಂತ ಉದ್ದ. “ಹಸಿದವರೆಲ್ಲ ಬಂದು ಉಣ್ಣಲಿ” ಅಂತ ಅರಮಾಯಿಕ್ ಭಾಷೆಯಲ್ಲಿ ಹೇಳಿ ಶುರು ಮಾಡುತ್ತಾರೆ. ಕೂಡಲೇ ಇದ್ದವರಲ್ಲಿ ಚಿಕ್ಕ ಮಗು ಎದ್ದು ಹಾಡುತ್ತದೆ: ಮಾ ನಿಷ್ತನಾ, ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ? ಮುಂದಿನದೆಲ್ಲ ಆ ಪ್ರಶ್ನೆಗೆ ಉತ್ತರ. ಹಗಾದಾದಲ್ಲಿ ನಾಲ್ಕು ಬಗೆಯ ಮಕ್ಕಳ ಪ್ರಸಂಗ ಬರುತ್ತದೆ. ಜಾಣ, ಕೊಂಕಿನವನು, ಮುಗ್ಧ, ಇನ್ನೊಬ್ಬ ಪ್ರಶ್ನೆ ಕೇಳಲೂ ಬಾರದವನು. ಆ ನಾಲ್ಕನೆಯವನಿಗೆ ನೀವೇ ಬಾಯಿ ಬಿಡಿಸಿ ಹೇಳಿ ಅನ್ನುತ್ತದೆ ಪುಸ್ತಕ. ಅತಿಥಿಯಾಗಿ ಹೋದ ನಾವು ಹೆಚ್ಚಾಗಿ ಆ ನಾಲ್ಕನೆಯವರಾಗಿಯೇ ಕೂತುಬಿಡುತ್ತೇವೆ. ದೊಡ್ಡವರು ಓದುವಾಗ ನಡುವೆ ಬಾಯಿ ಹಾಕಬಾರದು ಅನ್ನುವ ಸಂಕೋಚ ನಮ್ಮದು. ಇಲ್ಲಿ ಆ ಸಂಕೋಚ ಬಿಡಿ. ಮೊಟ್ಟೆ ಯಾಕೆ ಸುಟ್ಟಿದ್ದು, ಮೂರೇ ಮಾತ್ಸಾ ಯಾಕೆ, ಎಡಕ್ಕೆ ಒರಗಿ ಕುಡಿಯುವುದು ಯಾಕೆ, ಕೇಳಿ. ಪಕ್ಕದಲ್ಲಿ ಕೂತವರು ಒಂದೊಂದಕ್ಕೆ ಎರಡೆರಡು ಉತ್ತರ ಹೇಳಿ, ಆಮೇಲೆ ತಮ್ಮತಮ್ಮಲ್ಲೇ ವಾದಕ್ಕೆ ಇಳಿಯುತ್ತಾರೆ. ಅದೂ ಸೇಡರ್‌ನ ಭಾಗವೇ.

ಕೇಳಬಾರದ್ದೂ ಎರಡಿವೆ. ಇಸ್ರೇಲಿನ ರಾಜಕೀಯವನ್ನು ನೀವಾಗಿ ತೆಗೆಯಬೇಡಿ. “ಯೇಸುವಿನ ಕೊನೆಯ ಊಟ ಇದೇ ಅಲ್ವಾ?” ಅಂತ ಕೇಳಬೇಡಿ. ಅದು ಇನ್ನೊಂದು ಧರ್ಮದ ಕಥೆ, ಇದು ಅದಕ್ಕೆ ಜಾಗ ಅಲ್ಲ.

ಓದುವ ಸರದಿ ಮೇಜಿನ ಸುತ್ತ ಬರುತ್ತದೆ. ನಿಮ್ಮ ಸರದಿ ಬಂದಾಗ ಇಂಗ್ಲಿಷ್ ಪ್ಯಾರಾ ಓದಿ. ಹೆಸರುಗಳ ಉಚ್ಚಾರ ತಪ್ಪಿದರೆ ಚಿಂತೆ ಇಲ್ಲ. ಬೇಡ ಅನ್ನಿಸಿದರೆ “ಪಾಸ್” ಅಂದರೆ ಮುಂದಿನವರು ಓದುತ್ತಾರೆ.

ಈಜಿಪ್ಟಿಗೆ ಬಂದ ಹತ್ತು ಪಿಡುಗುಗಳ ಹೆಸರು ಹೇಳುವಾಗ ಎಲ್ಲರೂ ಬೆರಳು ಅದ್ದಿ ಲೋಟದಿಂದ ಒಂದೊಂದು ಹನಿ ತಟ್ಟೆಗೆ ಹಾಕುತ್ತಾರೆ. ಶತ್ರುಗಳಾದರೂ ಸತ್ತಿದ್ದಾರೆ, ನಮ್ಮ ಸಂತೋಷ ಅಷ್ಟು ಕಡಿಮೆಯಾಗಲಿ ಅಂತ. ನೀವೂ ಹಾಕಿ. ಆಮೇಲೆ ಮಾತ್ರ ಬೆರಳು ನೆಕ್ಕಬೇಡಿ, ಕರವಸ್ತ್ರಕ್ಕೆ ಒರೆಸಿ. ಮುಂದೆ ದಯೇನು ಅನ್ನುವ ಹಾಡು. “ಇಷ್ಟಾಗಿದ್ದರೂ ನಮಗೆ ಸಾಕಿತ್ತು” ಅಂತ ಅರ್ಥ. ಪಲ್ಲವಿ ಒಂದೇ ಪದ, ಎರಡನೇ ಸಾಲಿಗೆ ನೀವೂ ಹಾಡುತ್ತಿರುತ್ತೀರಿ. ಇರಾನ್ ಮೂಲದವರಿದ್ದರೆ ಈ ಹಾಡಿಗೆ ಈರುಳ್ಳಿ ಹೂವಿನ ಕಟ್ಟಿನಿಂದ ಒಬ್ಬರಿಗೊಬ್ಬರು ಬಾರಿಸುತ್ತಾರೆ. ಗಾಬರಿ ಬೇಡ, ಗುಲಾಮರಿಗೆ ಬೀಳುತ್ತಿದ್ದ ಚಾಟಿಯೇಟಿನ ಅಣಕ ಅದು.

ಆರ್ಥೊಡಾಕ್ಸ್ ಮೇಜಿನಲ್ಲಿ ವೈನ್ ಬಾಟಲಿಯನ್ನು ನೀವಾಗಿ ಎತ್ತಿ ಬಗ್ಗಿಸಬೇಡಿ. ಕುದಿಸದ ವೈನನ್ನು ಯಹೂದಿಯಲ್ಲದವರು ಬಗ್ಗಿಸಿದರೆ ಅದು ಅವರಿಗೆ ಆಗುವುದಿಲ್ಲ. ಸಹಾಯ ಮಾಡಲು ಹೋಗಿ ಮುಜುಗರ ತಂದಿಡುವುದು ಹೀಗೆಯೇ.

8. ಮರೋರ್, ಆಮೇಲೆ ಊಟ

ಎರಡನೇ ಸಲ ಕೈ ತೊಳೆದು ಬಂದವರನ್ನು ಮಾತಾಡಿಸಬೇಡಿ. ಮಾತ್ಸಾ ಬಾಯಿಗೆ ಹೋಗುವವರೆಗೆ ಅವರು ಮೌನ. ಏನಾದರೂ ಕೇಳಿದರೆ “ಮ್ಮ್, ಮ್ಮ್” ಅಂತ ಕೈಸನ್ನೆ ಮಾಡುತ್ತಾರೆ, ಕೋಪ ಅಂದುಕೊಳ್ಳಬೇಡಿ.

ಮರೋರ್‌ಗೆ ಹೆಚ್ಚಾಗಿ ಹಾರ್ಸ್‌ರ್ಯಾಡಿಶ್ ಅನ್ನುವ ಬೇರಿನ ತುರಿ ಕೊಡುತ್ತಾರೆ. “ನಾವು ಗುಂಟೂರು ಮೆಣಸಿನಕಾಯಿ ತಿನ್ನೋರು” ಅಂತ ಒಂದು ಚಮಚ ಹಾಕಿಕೊಂಡವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಇದು ನಾಲಿಗೆಯ ಖಾರ ಅಲ್ಲ. ಹಸಿ ಸಾಸಿವೆ ಅರೆದು ಹಾಕಿದ ಸಾಸಿವೆಗೊಜ್ಜು ಮೂಗಿಗೆ ಹತ್ತುತ್ತದಲ್ಲ, ಅದರ ಹತ್ತರಷ್ಟು. ನೇರ ನೆತ್ತಿಗೆ. ಕಣ್ಣು ಬಿಟ್ಟಾಗ ಇಡೀ ಮೇಜು ನಿಮ್ಮನ್ನೇ ನೋಡಿ ನಗುತ್ತಿರುತ್ತದೆ. ಕಡಲೆಬೇಳೆಯಷ್ಟು ಸಾಕು.

ಆಮೇಲೆ ಊಟ. ಮೀನಿನ ಉಂಡೆ, ಕೋಳಿ ಸೂಪ್, ಮಾಂಸ ಬರುತ್ತವೆ. ಸಸ್ಯಾಹಾರಿಗಳು ತಮ್ಮ ತಟ್ಟೆ ಬರುವವರೆಗೆ ಕಾಯಿರಿ, ಕಾಣಿಸಿದ್ದನ್ನೆಲ್ಲ ಹಾಕಿಕೊಳ್ಳಬೇಡಿ. ಮಾಂಸ ಬಡಿಸಿದ ಊಟದಲ್ಲಿ ಹಾಲಿನ ಪದಾರ್ಥ ಏನೂ ಇರುವುದಿಲ್ಲ. ಮೊಸರು ಕೇಳಬೇಡಿ. ಕೊನೆಯಲ್ಲಿ ಕಾಫಿ ಕೊಟ್ಟರೆ ಅದು ಕರೀ ಕಾಫಿಯೇ. ಮಾತ್ಸಾ ಜಾಸ್ತಿ ತಿಂದರೆ ಮರುದಿನ ಹೊಟ್ಟೆ ಕಟ್ಟುತ್ತದೆ, ನೀರು ಚೆನ್ನಾಗಿ ಕುಡಿಯಿರಿ.

9. ಊಟ ಆಯ್ತು ಅಂತ ಎದ್ದು ಬಿಡಬೇಡಿ

ನಮ್ಮಲ್ಲಿ ಕೈ ತೊಳೆದರೆ ಹೊರಟ ಹಾಗೆ. ಇಲ್ಲಿ ಇನ್ನೂ ನಾಲ್ಕು ಹಂತ, ಎರಡು ಲೋಟ ಬಾಕಿ. ಬಚ್ಚಿಟ್ಟ ಅಫಿಕೋಮನ್ ಹುಡುಕಲು ಮಕ್ಕಳು ಹಾಲ್ ತುಂಬ ಓಡುತ್ತಾರೆ, ನಿಮ್ಮ ಮಕ್ಕಳನ್ನೂ ಬಿಡಿ. ಸಿಕ್ಕವರಿಗೆ ಬಹುಮಾನ. ಅದನ್ನು ಎಲ್ಲರಿಗೂ ಚೂರು ಚೂರು ಹಂಚುತ್ತಾರೆ. ಅದೇ ಕೊನೆಯ ತುತ್ತು. ಆಮೇಲೆ ತಿಂಡಿ ಇಲ್ಲ. ಸಿಹಿ ಬೇಕಾದವರು ಅದಕ್ಕೆ ಮುಂಚೆಯೇ ಹಾಕಿಕೊಳ್ಳಿ.

ಮೇಜಿನ ಮೇಲೆ ಯಾರೂ ಮುಟ್ಟದ ಒಂದು ತುಂಬಿದ ಲೋಟ ಇರುತ್ತದೆ. ಅದು ಪ್ರವಾದಿ ಎಲೀಯನದು. ಒಂದು ಹೊತ್ತಿಗೆ ಮಗುವೊಂದು ಹೋಗಿ ಅವನಿಗಾಗಿ ಬಾಗಿಲು ತೆರೆಯುತ್ತದೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ತಣ್ಣನೆ ಗಾಳಿ ಒಳಗೆ ಬರುತ್ತದೆ. ಆ ಎರಡು ನಿಮಿಷ ನನಗೆ ಇಡೀ ರಾತ್ರಿಗಿಂತ ಇಷ್ಟ. ಕೊನೆಗೆ ಹಾಡುಗಳು, “ಮುಂದಿನ ವರ್ಷ ಜೆರುಸಲೇಮಿನಲ್ಲಿ” ಅನ್ನುವ ಮಾತು, ಅಲ್ಲಿಗೆ ಮುಗಿಯಿತು.

ಕುರ್ಚಿ ಮಡಚಲು, ತಟ್ಟೆ ಎತ್ತಲು ಕೈ ಹಾಕಿ, ಖುಷಿಪಡುತ್ತಾರೆ. ಅಡುಗೆಮನೆಯೊಳಗೆ ಮಾತ್ರ ಕೇಳದೆ ಹೋಗಬೇಡಿ.

10. ಮಾರನೆ ದಿನ

ಥ್ಯಾಂಕ್ಸ್ ಮೆಸೇಜಿಗೆ ಉತ್ತರ ಬರಲಿಲ್ಲ ಅಂತ ಕೊರಗಬೇಡಿ. ನಿಯಮ ಪಾಲಿಸುವವರ ಫೋನ್ ಮೊದಲ ಎರಡು ದಿನ ಆಫ್. ಮೂರನೇ ದಿನ ಬರೆಯಿರಿ. ಆಫೀಸಿನಲ್ಲಿ ಆ ವಾರ ಅವರಿಗೆ ಕೇಕು, ಬಿಸ್ಕತ್ತು ನೀಡಬೇಡಿ. ಅವರನ್ನು ಮನೆಗೆ ಊಟಕ್ಕೆ ಕರೆಯುವುದಿದ್ದರೆ ಹಬ್ಬ ಮುಗಿದ ಮೇಲೆ ಕರೆಯಿರಿ. ಕೋಷರ್ ಪಾಲಿಸುತ್ತಾರಾ ಅಂತ ಆಗಲೂ ಕೇಳಿಯೇ ಅಡುಗೆ ಮಾಡಿ.

ಹಬ್ಬ ಕಳೆದ ಮೇಲೆ ಅಂಗಡಿಗಳಲ್ಲಿ ಮಾತ್ಸಾ ಡಬ್ಬಿ ಅರ್ಧ ಬೆಲೆಗೆ ಸಿಗುತ್ತದೆ. ನಾಲ್ಕು ಮಾತ್ಸಾ ತಗೊಂಡು ಗಟ್ಟಿ ಅವಲಕ್ಕಿಯಷ್ಟು ಚೂರು ಮಾಡಿ. ಜರಡಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಒಂದು ಸಲ ಹಿಡಿದು ತೆಗೆಯಿರಿ. ನೆನೆಸಿಡಬೇಡಿ, ಅಂಟಾಗುತ್ತದೆ. ಸಾಸಿವೆ, ಕಡಲೆಬೇಳೆ, ಕರಿಬೇವು, ಹಸಿಮೆಣಸು, ಈರುಳ್ಳಿ ಒಗ್ಗರಣೆಗೆ ಹಾಕಿ ಎರಡು ನಿಮಿಷ ಕೈಯಾಡಿಸಿ, ನಿಂಬೆಹಣ್ಣು ಹಿಂಡಿ. ನಿಮ್ಮದೇ ಮನೆ, ನಿಮ್ಮದೇ ಒಲೆ. ಇಂಗು ಧಾರಾಳವಾಗಿ ಹಾಕಿ.